ಐದು ಲಕ್ಷದ ಯಂತ್ರ ಬೇಕಾಗಲಿಲ್ಲ: ಕುಮಟಾದಲ್ಲಿ ನಾವು ಕೆಗ್ ವಾಶರ್ ಮಾಡಿಸಿಕೊಂಡ ಬಗೆ

ನಮ್ಮ ಕೆಗ್ ವಾಶರ್, ಅಂದರೆ ಸೋಡಾ ತುಂಬುವ ಸ್ಟೀಲ್ ಪೀಪಾಯಿ ತೊಳೆಯುವ ಯಂತ್ರ, ಈಗ ಸರಿಯಾಗಿ ಓಡುತ್ತಿದೆ. ಎಲ್ಲೂ ಸೋರುತ್ತಿಲ್ಲ, ಟ್ರಿಪ್ ಆಗುತ್ತಿಲ್ಲ, ತೊಳೆದು ತುಂಬಿದ ಸೋಡಾ ಕೆಡುತ್ತಿಲ್ಲ. ಮಳೆ ಹಿಡಿಯುವ ಮುಂಚೆ ಕೈ ಹಾಕಿದ ಕೆಲಸ ದೀಪಾವಳಿ ಕಳೆದ ಮೇಲೆ ಮುಗಿಯಿತು. ನಡುವೆ ಯಾರನ್ನು ಕೇಳಿದರೂ ಅರ್ಧ ಉತ್ತರವೇ ಸಿಕ್ಕಿತು. ಬಿಯರ್ ಮಾಡುವ ದೊಡ್ಡ ಬ್ರೂವರಿಗಳಿಗಾದರೆ ಕಂಪನಿಯವರೇ ಬಂದು ಎಲ್ಲ ಜೋಡಿಸಿ, ಹೇಳಿಕೊಟ್ಟು ಹೋಗುತ್ತಾರೆ. ವಾರಕ್ಕೆ ಹತ್ತು ಹದಿನೈದು ಕೆಗ್ ತುಂಬುವವರಿಗೆ ಹೇಳಿಕೊಡುವವರು ಯಾರೂ ಇಲ್ಲ. ಅದಕ್ಕೇ ನೆನಪು ಮಾಸುವ ಮೊದಲೇ ಬರೆದಿಡುತ್ತಿದ್ದೇನೆ. ಪುಟ್ಟ ಬ್ರೂವರಿಯವರಾಗಲಿ, ಹುದುಗಿಸಿದ ಚಹಾ ಕೊಂಬುಚಾ ಮಾಡುವವರಾಗಲಿ, ನಮ್ಮ ಹಾಗೆ ಸೋಡಾ ತುಂಬುವವರಾಗಲಿ, ಕೆಗ್ ತೊಳೆಯುವ ಕೆಲಸ ಎಲ್ಲರಿಗೂ ಒಂದೇ.

ನಮ್ಮ ಊರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಗೆ ಹತ್ತಿರ. ಮನೆ ಹಿಂದಿನ ಶೆಡ್ಡಿನಲ್ಲಿ ಮುರುಗಲು (ಕೋಕಂ) ಸೋಡಾ, ಶುಂಠಿ ಸೋಡಾ ಮಾಡುತ್ತೇವೆ. ನಾನು, ಮೈದುನ, ಪಕ್ಕದ ಮನೆಯ ಅಕ್ಕ, ಇಷ್ಟೇ ಜನ. ಮೊದಲು ಬಾಟಲಿಯಲ್ಲಿ ಕೊಡುತ್ತಿದ್ದೆವು. ಗೋಕರ್ಣದ ಕುಡ್ಲೆ, ಓಂ ಬೀಚ್ ಕಡೆ ಕ್ರೇಟ್ ಹೊತ್ತು ಇಳಿಯುವುದು, ಖಾಲಿ ಬಾಟಲಿ ಮತ್ತೆ ಹೊತ್ತು ಹತ್ತುವುದು ತುಂಬಾ ಕಷ್ಟವಾಗುತ್ತಿತ್ತು. ಕೆಫೆಯವರೇ "ಟ್ಯಾಪ್‌ನಿಂದ ಗ್ಲಾಸಿಗೆ ಬಿಡೋ ಹಾಗೆ ಕೊಡಿ" ಅಂದರು. ಹಾಗೆ ಕೆಗ್ ಹಿಡಿದೆವು. ಬಿಯರ್ ತುಂಬುವ ಸ್ಟೀಲ್ ಪೀಪಾಯಿಯೇ ಇದು. 30 ಲೀಟರಿನದು ಖಾಲಿ ಇದ್ದಾಗ ಹತ್ತು ಕಿಲೋ ಆಸುಪಾಸು ತೂಗುತ್ತದೆ, ತುಂಬಿದರೆ 40 ಕಿಲೋ. ಮೊದಲ ಸೀಸನ್ನಿಗೆ ಕೆಲವನ್ನು ಬಾಡಿಗೆಗೆ ತಂದು ನೋಡಿದೆವು.

ತುಂಬುವುದು ಸುಲಭ, ತೊಳೆಯುವುದು ಕಷ್ಟ. ಕೆಗ್‌ಗೆ ಕೈ ಹೋಗುವಂಥ ಬಾಯಿ ಇಲ್ಲ. ಮೇಲೆ ಒಂದು ವಾಲ್ವ್, ಅದರಿಂದ ತಳದವರೆಗೆ ಇಳಿದ ಒಂದು ಕೊಳವೆ. ಇದಕ್ಕೆ ಸ್ಪಿಯರ್ ಅನ್ನುತ್ತಾರೆ. ಸ್ಪಿಯರ್ ಬಿಚ್ಚಿ, ಬಿಸಿನೀರು ಹಾಕಿ ಕುಲುಕಿ, ಬ್ರಶ್ ತೂರಿಸಿ ತೊಳೆಯುತ್ತಿದ್ದೆವು. ಇದನ್ನು ಯಾರಾದರೂ ಮಾಡುವುದಿದ್ದರೆ ಒಂದು ಮಾತು. ಒಳಗಿನ ಗ್ಯಾಸ್ ಪೂರ್ತಿ ಬಿಟ್ಟು, ಇನ್ನೊಮ್ಮೆ ವಾಲ್ವ್ ಒತ್ತಿ ನೋಡಿ, ಆಮೇಲಷ್ಟೇ ಸ್ಪಿಯರ್ ಮುಟ್ಟಿ. ಒತ್ತಡ ಇರುವ ಕೆಗ್‌ನ ಸ್ಪಿಯರ್ ಸಿಡಿದು ಹೊರದೇಶಗಳಲ್ಲಿ ಜನ ಸತ್ತಿದ್ದಾರೆ. ಮುಖವನ್ನು ಅದರ ನೇರಕ್ಕೆ ತರಲೇಬೇಡಿ.

ಏಪ್ರಿಲ್ ಸೆಕೆಯಲ್ಲಿ ಒಂದು ಕೆಫೆಯಿಂದ ಫೋನ್ ಬಂತು. "ಅಕ್ಕಾ, ಬರೀ ನೊರೆ ಬರ್ತಾ ಇದೆ. ವಾಸನೆನೂ ಬೇರೆ ಥರ ಇದೆ" ಅಂದ ಹುಡುಗ. ಹೋಗಿ ನೋಡಿದರೆ ಕೆಗ್ ಉಬ್ಬಸ ಬಿಡುತ್ತಿತ್ತು. ಸಕ್ಕರೆ ಇರುವ ಪಾನೀಯ, ಮೂವತ್ತು ದಾಟಿದ ಸೆಕೆ, ಎಲ್ಲೋ ಮೂಲೆಯಲ್ಲಿ ಉಳಿದ ಒಂದಿಷ್ಟು ಯೀಸ್ಟ್. ಇಷ್ಟು ಸಾಕು ಹುದುಗು ಬರಲಿಕ್ಕೆ. ಇದು ಬರೀ ರುಚಿಯ ವಿಷಯ ಅಲ್ಲ. ಆಹಾರ ಸುರಕ್ಷತೆ ನಿಯಮದ ಪ್ರಕಾರ ಆಲ್ಕೋಹಾಲ್ ಶೇ 0.5 ದಾಟಿದರೆ ಅದು ಮದ್ಯದ ಲೆಕ್ಕಕ್ಕೆ ಹೋಗುತ್ತದೆ. ಮಕ್ಕಳು ಕುಡಿಯುವ ಸೋಡಾದಲ್ಲಿ ಹಾಗಾಗುವುದನ್ನು ನೆನೆಸಿಕೊಂಡು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ವಾರದ ಕೆಗ್‌ಗಳನ್ನೆಲ್ಲ ವಾಪಸ್ ತರಿಸಿದೆವು. ಇನ್ನು ಯಂತ್ರ ಇಲ್ಲದೆ ಕೆಗ್ ತುಂಬುವುದು ಬೇಡ ಎಂದು ಅವತ್ತೇ ತೀರ್ಮಾನವಾಯಿತು.

ಮೊದಲು ಕೊಟೇಶನ್. ಬೆಂಗಳೂರು, ಪುಣೆ ಕಡೆಯ ಕಂಪನಿಗಳಿಗೆ ಬರೆದೆ. ಒಂದು ಸಲಕ್ಕೆ ಎರಡು ಕೆಗ್ ತೊಳೆಯುವ ಅರೆ ಸ್ವಯಂಚಾಲಿತ ಯಂತ್ರಕ್ಕೆ ಐದು ಲಕ್ಷದ ಆಸುಪಾಸು ಹೇಳಿದರು. ಅದರ ಮೇಲೆ ಜಿಎಸ್‌ಟಿ, ಲಾರಿ ಬಾಡಿಗೆ, ಜೋಡಿಸಲು ಬರುವವರ ಖರ್ಚು. ಒಬ್ಬರ ಯಂತ್ರಕ್ಕೆ ತ್ರೀ ಫೇಸ್ ಕರೆಂಟ್ ಬೇಕು. ಇನ್ನೊಬ್ಬರದಕ್ಕೆ ಸ್ಟೀಮ್ ಬಾಯ್ಲರ್ ಬೇಕು. ಕೆಲವರು ನಮ್ಮ ವಾರದ ಲೆಕ್ಕ ಕೇಳಿದ ಮೇಲೆ ಉತ್ತರ ಬರೆಯುವುದನ್ನೇ ಬಿಟ್ಟರು. ಆ ಯಂತ್ರಗಳು ಕೆಟ್ಟವಲ್ಲ. ದಿನಕ್ಕೆ ನೂರು ಕೆಗ್ ತೊಳೆಯುವವರಿಗೆ ಅವೇ ಸರಿ. ನಮಗೆ ಬೇಕಾದದ್ದು ಅಷ್ಟು ವೇಗ ಅಲ್ಲ, ಅಷ್ಟೇ ಶುಚಿ.

ದಾರಿ ತೋರಿಸಿದ್ದು ಗೋವಾದ ಒಂದು ಚಿಕ್ಕ ಬ್ರೂವರಿ. ಪರಿಚಯದವರ ಮೂಲಕ ಹೋಗಿ ಒಂದು ಇಡೀ ಮಧ್ಯಾಹ್ನ ಅವರು ಕೆಗ್ ತೊಳೆಯುವುದನ್ನು ನಿಂತು ನೋಡಿದೆ. ಅವರದ್ದು ಫ್ಯಾನ್ಸಿ ಯಂತ್ರವೇನಲ್ಲ. ಒಂದು ಸ್ಟ್ಯಾಂಡ್, ಎರಡು ಟ್ಯಾಂಕ್, ಒಂದು ಪಂಪ್, ಕೈಯಲ್ಲಿ ತಿರುಗಿಸುವ ನಾಲ್ಕೈದು ವಾಲ್ವ್. ಗುಟ್ಟು ಇರುವುದು ಕೆಗ್ ಅನ್ನು ತಲೆಕೆಳಗೆ ಮಾಡಿ ಇಡುವುದರಲ್ಲಿ. ಆಗ ಸ್ಪಿಯರ್‌ನ ತುದಿ ಮೇಲಕ್ಕೆ ಬರುತ್ತದೆ. ಕೆಳಗಿನಿಂದ ಪಂಪ್ ತಳ್ಳಿದ ಬಿಸಿ ದ್ರಾವಣ ಆ ಕೊಳವೆಯಲ್ಲಿ ಏರಿ, ಕೆಗ್‌ನ ತಳಕ್ಕೆ ಚಿಮ್ಮಿ, ಗೋಡೆಯ ಸುತ್ತ ತೆಳ್ಳಗೆ ಇಳಿದು, ಗ್ಯಾಸ್ ಹೋಗುವ ದಾರಿಯಿಂದ ಹೊರಗೆ ಬಂದು ಮತ್ತೆ ಟ್ಯಾಂಕ್ ಸೇರುತ್ತದೆ. ಸ್ಪಿಯರ್ ಬಿಚ್ಚುವ ಕೆಲಸವೇ ಇಲ್ಲ. ಅಲ್ಲಿಯ ಹುಡುಗ ನಡುನಡುವೆ ವಾಲ್ವ್ ಅರ್ಧ ಮುಚ್ಚಿ ಮತ್ತೆ ತೆರೆಯುತ್ತಿದ್ದ. ಯಾಕೆ ಅಂತ ಕೇಳಿದೆ. ಜೋರಾಗಿ ಬಿಟ್ಟರೆ ಗೋಡೆ ತೊಳೆಯುತ್ತದೆ, ನಿಧಾನ ಬಿಟ್ಟರೆ ಸ್ಪಿಯರ್‌ನ ಹೊರಮೈ ತೊಳೆಯುತ್ತದೆ, ಎರಡೂ ಬೇಕು ಎಂದು ವಿವರಿಸಿದ. ದೊಡ್ಡ ಯಂತ್ರಗಳು ಕಂಪ್ಯೂಟರ್ ಇಟ್ಟು ಮಾಡುವುದೂ ಇದನ್ನೇ.

ಇನ್ನೊಂದು ಸಂಗತಿಯೂ ಅಲ್ಲೇ ತಿಳಿಯಿತು. ಕೆಗ್‌ನ ಬಾಯಿಗೆ ಕೂರಿಸುವ ಕಪ್ಲರ್ ಒಳಗೆ ದ್ರವ ಮತ್ತು ಗ್ಯಾಸ್ ಹಿಂದಕ್ಕೆ ಬಾರದಂತೆ ತಡೆಯುವ ಪುಟ್ಟ ತುಂಡುಗಳಿರುತ್ತವೆ. ಒಂದು ಚೆಂಡು, ಒಂದು ರಬ್ಬರ್ ನಾಲಿಗೆ. ತೊಳೆಯಲು ಬಳಸುವ ಕಪ್ಲರ್‌ನಿಂದ ಇವನ್ನು ತೆಗೆದುಬಿಡಬೇಕು. ಇಲ್ಲದಿದ್ದರೆ ದ್ರಾವಣ ಒಳಗೆ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ತೊಳೆಯುವ ಕಪ್ಲರ್‌ಗೆ ಕೆಂಪು ಟೇಪ್ ಸುತ್ತಿಡಿ. ಅದು ಕೆಫೆಗೆ ಹೋಗಬಾರದು.

ಮನೆಗೆ ಬಂದು ಒಂದು ಹಾಳೆಯಲ್ಲಿ ಬೇಕಾದ್ದನ್ನೆಲ್ಲ ಬರೆದೆ. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಹಾಳೆ. 60 ಲೀಟರಿನ ಎರಡು ಟ್ಯಾಂಕ್, ಎಸ್‌ಎಸ್ 304 ಎನ್ನುವ ಸ್ಟೇನ್‌ಲೆಸ್ ಸ್ಟೀಲಿನದು, ಒಳಗಿನ ವೆಲ್ಡ್ ನುಣುಪಾಗಿರಬೇಕು. ಪಂಪ್ ಸ್ಟೀಲ್ ಮೈಯದು. ಎಲ್ಲ ಸೀಲ್, ಗ್ಯಾಸ್ಕೆಟ್ ಇಪಿಡಿಎಂ ರಬ್ಬರ್. ಅಲ್ಯೂಮಿನಿಯಂ ಎಲ್ಲೂ ಬೇಡ, ಹಿತ್ತಾಳೆಯೂ ಬೇಡ. ಅಲ್ಯೂಮಿನಿಯಂ ನಾವು ತೊಳೆಯಲು ಬಳಸುವ ಕಾಸ್ಟಿಕ್ ಸೋಡಾಕ್ಕೆ ತಗುಲಿದರೆ ಕರಗುತ್ತದೆ, ಜೊತೆಗೆ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ಬೆಂಕಿಗೆ ದಾರಿ. ಹೀಟರ್ 3 ಕಿಲೋವ್ಯಾಟ್, ಸಿಂಗಲ್ ಫೇಸ್. ಬಾಗಿದರೆ ಕೈಗೆ ಸಿಗುವ ಎತ್ತರದಲ್ಲಿ ವಾಲ್ವ್. ಕಾಲಿಗೆ ಚಕ್ರ.

ಈ ಹಾಳೆ ಹಿಡಿದು ಕುಮಟಾದಲ್ಲಿ ವಿಚಾರಿಸಿದೆ. ಗೇಟು, ಗ್ರಿಲ್ ಮಾಡುವವರು ಬೇಕಾದಷ್ಟು ಜನ. ಆದರೆ ಸ್ಟೀಲ್ ಪಾತ್ರೆಯನ್ನು ಒಳಗಿನಿಂದ ನುಣ್ಣಗೆ ಬೆಸೆಯಲು ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗ್ ಗೊತ್ತಿರಬೇಕು. ಕೊನೆಗೆ ಸಿಕ್ಕಿದ್ದು ಶಿರಸಿಯಲ್ಲಿ. ಹಾಲಿನ ಡೈರಿಗಳ ಪೈಪು, ಟ್ಯಾಂಕ್ ರಿಪೇರಿ ಮಾಡಿ ಪಳಗಿದ ಹಿರಿಯರು. ಅಡಿಕೆ ಸುಲಿಯುವ ಯಂತ್ರವನ್ನೂ ಮಾಡುತ್ತಾರೆ. ಹಾಳೆ ನೋಡಿ, "ತಂಗಿ, ಇದು ಹಾಲಿನ ಪೈಪ್ ತೊಳೆಯೋ ಪದ್ಧತಿನೇ ಅಲ್ವಾ? ಕಾಸ್ಟಿಕ್, ಆಸಿಡ್, ನೀರು. ನಾ ಮಾಡಿಕೊಡ್ತೆ" ಅಂದರು. ಎದೆಯ ಭಾರ ಅರ್ಧ ಇಳಿದ ಹಾಗಾಯಿತು. ನಿಮ್ಮ ಊರಿನಲ್ಲಿ ಹುಡುಕುವಾಗ ಬ್ರೂವರಿ ಗೊತ್ತಿರುವವರನ್ನು ಹುಡುಕಬೇಡಿ. ಡೈರಿ ಕೆಲಸ ಮಾಡಿದವರನ್ನು ಹುಡುಕಿ.

ಆಮೇಲೆ ದುಡ್ಡಿನ ಮಾತು. ಯಂತ್ರ, ಕೆಗ್, ಕೂಲರ್ ಎಲ್ಲ ಸೇರಿ ನಾಲ್ಕು ಲಕ್ಷದ ಯೋಜನೆ ಬರೆದೆವು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಿದ್ದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಅರ್ಜಿ ಹಾಕಿದೆ. ಆಗ ಕೇಂದ್ರದಿಂದ ಶೇ 35 ಸಹಾಯಧನ ಇತ್ತು, ನಮ್ಮ ರಾಜ್ಯ ಅದಕ್ಕೆ ಶೇ 15 ಸೇರಿಸಿ ಒಟ್ಟು ಶೇ 50 ಮಾಡಿತ್ತು. ನಮ್ಮ ಕೈಯಿಂದ ಕನಿಷ್ಠ ಶೇ 10 ಹಾಕಬೇಕಿತ್ತು. ರಾಜ್ಯದಲ್ಲಿ ಇದರ ಉಸ್ತುವಾರಿ ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತಿನ ಸರ್ಕಾರಿ ನಿಗಮವಾದ ಕೆಪೆಕ್‌ನದಾಗಿತ್ತು. ಅರ್ಜಿ ತುಂಬಿಸಲು, ಯೋಜನಾ ವರದಿ ಬರೆಯಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಒಬ್ಬರು ಇರುತ್ತಿದ್ದರು. ಅವರಿಗೆ ಯೋಜನೆಯಿಂದಲೇ ಸಂಭಾವನೆ ಸಿಗುತ್ತಿತ್ತು, ನಾವು ಕೊಡಬೇಕಾಗಿರಲಿಲ್ಲ. ನಮಗೆ ಸಿಕ್ಕವರು ತುಂಬಾ ತಾಳ್ಮೆಯಿಂದ ಮಾಡಿಕೊಟ್ಟರು. ಬೇಕಾದ ಕಾಗದಗಳು ಇವು: ಆಧಾರ್, ಪಾನ್, ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ, ಆಹಾರ ಸುರಕ್ಷತೆ ನೋಂದಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಶೆಡ್ಡಿನ ಜಾಗದ ದಾಖಲೆ, ಕರೆಂಟ್ ಬಿಲ್, ಕೊಟೇಶನ್. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವ ಜಾಲತಾಣಗಳಿಂದ ದೂರ ಇರಿ.

ಅಡ್ಡಿ ಬಂದದ್ದು ಎಲ್ಲಿ ಗೊತ್ತಾ? ಕಪ್ಲರ್ ಮಾರುವವರು ಕಳಿಸಿದ ಕೊಟೇಶನ್ನಿನಲ್ಲಿ "ಬಿಯರ್ ಕೆಗ್ ಕಪ್ಲರ್, ಬ್ರೂವರಿ ಬಳಕೆಗೆ" ಅಂತ ಇತ್ತು. ಬ್ಯಾಂಕಿನಲ್ಲಿ ಫೈಲ್ ಅಲ್ಲೇ ನಿಂತಿತು. ಮದ್ಯದ ವ್ಯವಹಾರಕ್ಕೆ ಈ ಸಾಲ ಬರುವುದಿಲ್ಲ ಎಂದರು. ನಮ್ಮದು ಮುರುಗಲು ಸೋಡಾ ಎಂದು ಎಷ್ಟು ಹೇಳಿದರೂ ಕಾಗದದಲ್ಲಿ ಬಿಯರ್ ಅಂತ ಇದೆಯಲ್ಲ ಅನ್ನುವ ಮಾತೇ ಬಂತು. ಅವರ ದೃಷ್ಟಿಯಲ್ಲಿ ಅದೂ ಸರಿಯೇ. ಮತ್ತೆ ಎಲ್ಲರಿಗೂ ಬರೆದು, "ತಂಪು ಪಾನೀಯ ತುಂಬುವ ಸ್ಟೀಲ್ ಪಾತ್ರೆಯ ಜೋಡಣೆ" ಎಂದು ಬದಲಿಸಿದ ಕೊಟೇಶನ್ ತರಿಸಿದೆ. ಜೊತೆಗೆ ಆಹಾರ ಸುರಕ್ಷತೆ ನೋಂದಣಿಯಲ್ಲಿ ನಮೂದಾದ ಪಾನೀಯದ ವರ್ಗವನ್ನು ತೋರಿಸಿದೆ. ಶಿರಸಿಯ ಹಿರಿಯರ ಬಳಿ ಜಿಎಸ್‌ಟಿ ಸಂಖ್ಯೆ ಇರಲಿಲ್ಲ. ಬ್ಯಾಂಕ್ ಕೇಳುವುದು ಅದನ್ನೇ. ಅವರಿಗೆ ಸ್ಟೀಲ್ ಮಾರುವ ಅಂಗಡಿಯ ಮೂಲಕ ಬಿಲ್ ಮಾಡಿಸಿ ಅದನ್ನೂ ದಾಟಿದೆವು. ಈ ಓಡಾಟದಲ್ಲೇ ಅರ್ಧ ಮಳೆಗಾಲ ಕಳೆಯಿತು. ಮುಂದೆ ಬರುವವರು ಕೊಟೇಶನ್ ಕೇಳುವಾಗಲೇ ಯಾವ ಪದ ಇರಬೇಕು ಅಂತ ಬರೆದು ಕಳಿಸಿ. ಇನ್ನೊಂದು, ಸಹಾಯಧನ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಅದು ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಹೊಂದಿಸುತ್ತಾರೆ.

ಸಾಲ ಮಂಜೂರಾಗುವ ಹೊತ್ತಿಗೆ ಗೋವಾದಲ್ಲಿ ಹಳೆಯ ಕೆಗ್‌ಗಳು ಒಳ್ಳೆ ದರಕ್ಕೆ ಸಿಕ್ಕವು. ಹಳೆ ಕೆಗ್ ಕೊಳ್ಳುವಾಗ ಮೈಮೇಲೆ ಅಚ್ಚಾದ ಹೆಸರು ನೋಡಲೇಬೇಕು. ಬ್ರೂವರಿಯ ಹೆಸರು ಇದ್ದರೆ ಅದು ಅವರ ಸ್ವತ್ತು. ಮಾರುವ ಹಕ್ಕು ಇದೆ ಎನ್ನುವ ಬಿಲ್ ಇಲ್ಲದೆ ಮುಟ್ಟಬೇಡಿ. ನಾವು ಬಿಲ್, ಒಂದೊಂದು ಕೆಗ್‌ನ ನಂಬರ್ ಬರೆದ ಪಟ್ಟಿ, ಖಾಲಿ ಇವೆ ಎನ್ನುವ ಪತ್ರ, ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಇ-ವೇ ಬಿಲ್ ಎಲ್ಲ ಇಟ್ಟುಕೊಂಡಿದ್ದೆವು. ಸರಕಿನ ಬೆಲೆ 50 ಸಾವಿರ ದಾಟಿದರೆ ಇ-ವೇ ಬಿಲ್ ಬೇಕು. ಗೋವಾ ಗಡಿಯ ಪೋಳೆಂ ದಾಟಿ ನಮ್ಮ ಕಡೆಯ ಮಾಜಾಳಿಗೆ ಬಂದಾಗ ಗಾಡಿ ನಿಲ್ಲಿಸಿದರು. ಗೋವಾದಿಂದ ಬರುವ ಪಿಕಪ್ಪಿನಲ್ಲಿ ಬಿಯರ್ ಪೀಪಾಯಿ ಕಂಡರೆ ನಿಲ್ಲಿಸಲೇಬೇಕಲ್ಲ. ಕಾಗದ ಎಲ್ಲ ನೋಡಿದರು. ಆಮೇಲೆ ಒಂದೊಂದೇ ಕೆಗ್ ಅಲ್ಲಾಡಿಸಿ ನೋಡಿದರು. ಮೈದುನ ಕಪ್ಲರ್ ಹಾಕಿ ಒತ್ತಿ, ಗ್ಯಾಸೂ ಇಲ್ಲ, ದ್ರವವೂ ಇಲ್ಲ ಎಂದು ತೋರಿಸಿದ. ಮಳೆ ಸುರಿಯುತ್ತಿತ್ತು. ಬಹಳ ಹೊತ್ತು ಹಿಡಿಯಿತು, ಆದರೆ ಬಿಟ್ಟರು. ಆ ನಂಬರ್ ಪಟ್ಟಿ ಇಲ್ಲದಿದ್ದರೆ ಅಷ್ಟು ಸಲೀಸಾಗಿ ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಮನೆಗೆ ತಂದು ಒಂದೊಂದನ್ನೇ ನೋಡುವಾಗ ಇನ್ನೊಂದು ವಿಷಯ ಬಯಲಾಯಿತು. ಕೆಗ್‌ನ ಬಾಯಿಯ ವಾಲ್ವ್‌ನಲ್ಲಿ ಬೇರೆ ಬೇರೆ ಬಗೆ ಇರುತ್ತದೆ. ಎಲ್ಲ ಎಸ್ ಟೈಪ್ ಎಂದು ಹೇಳಿ ಕೊಟ್ಟಿದ್ದರು, ಕೆಲವು ಡಿ ಟೈಪ್ ಇದ್ದವು. ಎರಡೂ ಮೇಲಿನಿಂದ ನೋಡಲು ಒಂದೇ ಥರ. ಎಸ್ ಕಪ್ಲರ್‌ನ ಒಳಗಿನ ಮೂತಿ ಮಾತ್ರ ಸ್ವಲ್ಪ ಉದ್ದ. ಆದ್ದರಿಂದ ಎರಡು ಬಗೆಯ ಕಪ್ಲರ್ ಇಡಬೇಕಾಯಿತು. ಒಂದಕ್ಕೆ ಮೂರು ನಾಲ್ಕು ಸಾವಿರ. ಕೊಳ್ಳುವ ಜಾಗಕ್ಕೆ ಹೋಗುವಾಗ ನಿಮ್ಮ ಕಪ್ಲರ್ ಒಯ್ದು ಪ್ರತಿ ಕೆಗ್‌ಗೂ ಹಾಕಿ ನೋಡಿ.

ಶಿರಸಿಯಲ್ಲಿ ಕೆಲಸ ನಿಧಾನವಾಗಿ ನಡೆಯಿತು. ಕರೆಂಟ್ ಇರುವಾಗ ಆರ್ಗಾನ್ ಸಿಲಿಂಡರ್ ಖಾಲಿ, ಸಿಲಿಂಡರ್ ಬಂದಾಗ ಕರೆಂಟ್ ಇಲ್ಲ. ಘಟ್ಟದ ರಸ್ತೆ ಮಳೆಗೆ ಆಗಾಗ ಬಂದ್ ಆಗುತ್ತಿದ್ದುದರಿಂದ ನಮಗೆ ಹತ್ತಿ ಹೋಗಿ ನೋಡಲೂ ಆಗುತ್ತಿರಲಿಲ್ಲ. ಫೋಟೋ ತರಿಸಿಕೊಂಡು ಫೋನಿನಲ್ಲೇ ಮಾತಾಡಿದೆವು. ಕಾಯುವುದು ಬೇಜಾರು. ಸಾಲದ ಕಂತು ಶುರುವಾಗಿತ್ತು, ಮಾರಾಟ ಇರಲಿಲ್ಲ. ಅತ್ತೆ ಮಾತ್ರ ದಿನಾ ಸಂಜೆ "ಆಗ್ತದೆ ಬಿಡು" ಅನ್ನುತ್ತಿದ್ದರು. ಆ ಎರಡು ಮಾತು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಅವರಿಗೂ ಗೊತ್ತಿಲ್ಲ.

ಕಾಯುವ ಹೊತ್ತಿನಲ್ಲಿ ನೀರು ಪರೀಕ್ಷೆ ಮಾಡಿಸಿದೆ. ಕರಾವಳಿಯವರು ಇದನ್ನು ಬಿಡಲೇಬೇಡಿ. ಹೊಳೆ, ಸಮುದ್ರದ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಕುಡಿಯುವ ನೀರಿನ ಮಾನದಂಡದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗೆ ಇರಬೇಕು. ನಾಲಿಗೆಗೆ ಸಿಹಿ ಅನ್ನಿಸಿದ ನೀರೂ ಸ್ಟೀಲಿಗೆ ಕೆಡುಕು ಮಾಡಬಹುದು. ಕ್ಲೋರೈಡ್ ಮತ್ತು ಬಿಸಿ ಸೇರಿದರೆ 304 ಸ್ಟೀಲಿನಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ಅಲ್ಲಿ ಯೀಸ್ಟ್ ಅಡಗುತ್ತದೆ. ಮಳೆಗಾಲದಲ್ಲಿ ಮಾಡಿಸಿದ ಪರೀಕ್ಷೆ ಸಾಲದು, ಏಪ್ರಿಲ್‌ನಲ್ಲೂ ಮಾಡಿಸಿ. ಇದೇ ಕಾರಣಕ್ಕೆ ಬ್ಲೀಚಿಂಗ್ ಪೌಡರ್ ಕೆಗ್ ಹತ್ತಿರವೂ ಬರಬಾರದು. ಅಗ್ಗ ಅಂತ ಬಹಳ ಜನ ಬಳಸುತ್ತಾರೆ, ಕೆಗ್ ಹಾಳಾಗುತ್ತದೆ.

ನವರಾತ್ರಿಯ ಹೊತ್ತಿಗೆ ಯಂತ್ರ ಬಂತು. ಬೆಳ್ಳಗೆ ಹೊಳೆಯುತ್ತಿತ್ತು. ಶಿರಸಿಯ ಹಿರಿಯರೇ ಬಂದು ಜೋಡಿಸಿದರು. ಮೊದಲು ಬರೀ ನೀರು, ಆಮೇಲೆ ಸಿಟ್ರಿಕ್ ಆಸಿಡ್ ಓಡಿಸಿ ವೆಲ್ಡಿನ ಕಲೆ ತೆಗೆದರು. ಎಲ್ಲ ಸರಿ ಇತ್ತು. ಬಿಸಿ ಕಾಸ್ಟಿಕ್ ಹಾಕಿ ಕೆಲವು ದಿನ ಓಡಿಸುವಷ್ಟರಲ್ಲಿ ಪಂಪಿನ ಕೆಳಗೆ ಹನಿ ಶುರುವಾಯಿತು. ಬಿಚ್ಚಿದರೆ ಸೀಲ್ ಊದಿಕೊಂಡು ಮೆತ್ತಗಾಗಿತ್ತು. ನಾವು ಬರೆದುಕೊಟ್ಟದ್ದು ಇಪಿಡಿಎಂ. ಪಂಪ್ ಮಾರಿದವರು ವೈಟಾನ್ ಎನ್ನುವ ಬೇರೆ ರಬ್ಬರ್ ಹಾಕಿ ಕಳಿಸಿದ್ದರು. ಕೇಳಿದರೆ "ಅದು ಇನ್ನೂ ದುಬಾರಿದು ಮೇಡಂ" ಅಂದರು. ದುಬಾರಿ ಇರಬಹುದು, ಆದರೆ ಬಿಸಿ ಕಾಸ್ಟಿಕ್‌ಗೆ ವೈಟಾನ್ ಆಗಿಬರುವುದಿಲ್ಲ. ನಮ್ಮ ಹಾಳೆ ಕೈಯಲ್ಲಿ ಇದ್ದುದರಿಂದ ಅವರು ಬದಲಿಸಿ ಕೊಟ್ಟರು, ಸಾಗಣೆ ಖರ್ಚೂ ಅವರದೇ. ಬಾಯಿಮಾತಿನಲ್ಲಿ ಹೇಳಿದ್ದರೆ ಇನ್ನೂ ಎಷ್ಟೋ ದಿನ ವಾದ ನಡೆಯುತ್ತಿತ್ತು. ಪಂಪ್ ಬಂದ ದಿನವೇ ಸೀಲ್ ಯಾವುದು ಅಂತ ಬಿಚ್ಚಿ ನೋಡಿಕೊಳ್ಳಿ.

ಈಗ ನಾವು ತೊಳೆಯುವ ಕ್ರಮ ಹೇಳುತ್ತೇನೆ. ಕೆಫೆಯಿಂದ ಬಂದ ಕೆಗ್‌ನ ಗ್ಯಾಸ್ ಬಿಟ್ಟು, ಉಳಿದ ಸೋಡಾ ಸುರಿದು, ತಲೆಕೆಳಗೆ ಕೂರಿಸುತ್ತೇವೆ. ಮೊದಲು ಉಗುರು ಬೆಚ್ಚಗಿನ ನೀರು. ಇದಕ್ಕೆ ಹೀಟರ್ ಬೇಡ, ಬಚ್ಚಲ ಹಂಡೆಯ ನೀರನ್ನೇ ತರುತ್ತೇವೆ. ತೋಟದ ಸೋಗೆ, ಅಡಿಕೆ ಸಿಪ್ಪೆ ಉರಿಗೆ ಸಾಕು. ಆಮೇಲೆ ಕೆಗ್ ಒಳಗೆ ಗಾಳಿ ಊದುತ್ತೇವೆ. ಇದನ್ನು ಬಹಳ ಜನ ಬಿಡುತ್ತಾರೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಉಳಿದಿದ್ದರೆ ಕಾಸ್ಟಿಕ್ ಅದನ್ನು ನುಂಗಿ ತಾನೇ ಶಕ್ತಿ ಕಳೆದುಕೊಳ್ಳುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಗ್ಯಾಸ್ ಹಾಗೆ ಒಮ್ಮೆಲೇ ಕಡಿಮೆಯಾದರೆ ಪಾತ್ರೆ ಒಳಕ್ಕೆ ಕುಸಿಯಲೂಬಹುದು.

ನಂತರ ಕಾಸ್ಟಿಕ್ ಸೋಡಾ, ಶೇ 2. ಅಂದರೆ ಲೀಟರಿಗೆ 20 ಗ್ರಾಂ. 40 ಲೀಟರಿಗೆ 800 ಗ್ರಾಂ. 65ರಿಂದ 70 ಡಿಗ್ರಿ ಬಿಸಿ, ಐದು ನಿಮಿಷ, ನಡುನಡುವೆ ವಾಲ್ವ್ ಅರ್ಧ ಮುಚ್ಚಿ ತೆರೆಯುವುದು. ನಮ್ಮ ಹೀಟರಿಗೆ ಟ್ಯಾಂಕ್ ಕಾಯಲು ಮುಕ್ಕಾಲು ಗಂಟೆ ಬೇಕು. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು, ಅದೂ ತಣ್ಣೀರಿಗೆ, ಸ್ವಲ್ಪ ಸ್ವಲ್ಪವಾಗಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕನ್ನಡಕ, ಉದ್ದ ಗ್ಲೌಸ್, ಬೂಟ್ ಇಲ್ಲದೆ ನಮ್ಮ ಶೆಡ್ಡಿನಲ್ಲಿ ಯಾರೂ ಆ ಡಬ್ಬ ತೆರೆಯುವುದಿಲ್ಲ.

ಇಲ್ಲಿ ಮುರುಗಲು ನಮಗೆ ದೊಡ್ಡ ಉಪಕಾರ ಮಾಡುತ್ತದೆ. ಅದರ ಕೆಂಪು ಬಣ್ಣ ಹುಳಿಯಲ್ಲಿ ಕೆಂಪು, ಕಾಸ್ಟಿಕ್ ತಗುಲಿದ ಕೂಡಲೇ ನೀಲಿ ಹಸಿರು. ವಾಪಸ್ ಬರುವ ಪೈಪಿನಲ್ಲಿ ಒಂದು ತುಂಡು ಪಾರದರ್ಶಕ ನಳಿಕೆ ಹಾಕಿಸಿದ್ದೇವೆ. ಮೊದಲ ಬಾರಿ ನೋಡಿದಾಗ ಪಕ್ಕದ ಮನೆ ಅಕ್ಕ "ಅಯ್ಯೋ, ಹಾವಸೆ ಬಂತು!" ಎಂದು ಹೆದರಿದರು. ಹಾವಸೆಯಲ್ಲ, ಗೋಡೆಗೆ ಅಂಟಿದ್ದ ಮುರುಗಲು. ಒಂದೆರಡು ನಿಮಿಷದಲ್ಲಿ ಹಸಿರು ತೆಳುವಾಗಿ, ಕಂದಾಗಿ, ಆಮೇಲೆ ಬಣ್ಣವೇ ಇಲ್ಲದ ನೀರು ಬರುತ್ತದೆ. ಯಾವ ಕೆಗ್‌ನಲ್ಲಿ ಹಸಿರು ಜಾಸ್ತಿ ಹೊತ್ತು ಬರುತ್ತದೋ ಅದನ್ನು ಪಕ್ಕಕ್ಕಿಟ್ಟು ಸ್ಪಿಯರ್ ಬಿಚ್ಚಿ ನೋಡುತ್ತೇವೆ. ರಬ್ಬರಿನ ಅಂಚಿನಲ್ಲಿ ಏನೋ ಕೂತಿರುತ್ತದೆ. ಶುಂಠಿ ಸೋಡಾದ ಕೆಗ್‌ಗೆ ಈ ಸುಳಿವು ಇಲ್ಲ. ಆದ್ದರಿಂದ ಅದಕ್ಕೆ ಎರಡು ನಿಮಿಷ ಹೆಚ್ಚು ಕೊಡುತ್ತೇವೆ.

ಕಾಸ್ಟಿಕ್ ಆದಮೇಲೆ ಒಳ್ಳೆ ನೀರು. ಪೂರ್ತಿ ಹೋಯಿತೇ ಅಂತ ನೋಡಲು ಫಿನಾಲ್ಫ್ತಲೀನ್ ಹನಿ ಹಾಕುತ್ತೇವೆ, ಶಾಲೆಯ ಲ್ಯಾಬಿನಲ್ಲಿ ಇರುತ್ತದಲ್ಲ, ಅದೇ. ಗುಲಾಬಿ ಬಂದರೆ ಇನ್ನೂ ತೊಳೆಯಬೇಕು. ಕೊನೆಗೆ, ಉಳಿದ ಸೂಕ್ಷ್ಮಜೀವಿ ಕೊಲ್ಲಲು, ಪೆರಾಸಿಟಿಕ್ ಆಸಿಡ್. ಅಂಗಡಿಯಲ್ಲಿ ಸಿಗುವ ಶೇ 5ರದ್ದಾದರೆ ಲೀಟರಿಗೆ 3 ಮಿಲಿ, ಅಂದರೆ ಸುಮಾರು 150 ಪಿಪಿಎಂ. ತಣ್ಣೀರಿನಲ್ಲೇ, ಎರಡು ನಿಮಿಷ. ಅವತ್ತಿನದು ಅವತ್ತೇ ಕಲಸಬೇಕು, ಇಟ್ಟರೆ ಶಕ್ತಿ ಹೋಗುತ್ತದೆ. ವಿನೆಗರ್ ಥರ ಮೂಗಿಗೆ ಹೊಡೆಯುತ್ತದೆ, ಕಿಟಕಿ ತೆರೆದಿರಲಿ. ಅದನ್ನು ಕಾರ್ಬನ್ ಡೈಆಕ್ಸೈಡ್‌ನಿಂದಲೇ ಹೊರಕ್ಕೆ ತಳ್ಳಿ, ಒಳಗೆ ಒಂದು ಬಾರ್ ಒತ್ತಡ ಉಳಿಸಿ ಮುಚ್ಚುತ್ತೇವೆ. ತುಂಬುವ ದಿನ ವಾಲ್ವ್ ಒತ್ತಿದಾಗ ಗ್ಯಾಸ್ ಬರದಿದ್ದರೆ ಆ ಕೆಗ್ ಎಲ್ಲೋ ಸೋರುತ್ತಿದೆ ಎಂದು ತಿಳಿಯುತ್ತದೆ, ಮತ್ತೆ ತೊಳೆಯುವ ಸಾಲಿಗೆ ಹೋಗುತ್ತದೆ. ಗ್ಯಾಸ್ ಸಿಲಿಂಡರ್ ಹಳೆಯದು ಕೊಳ್ಳುವುದಿದ್ದರೆ ಭುಜದ ಮೇಲೆ ಕೊರೆದ ಪರೀಕ್ಷೆಯ ತಾರೀಕು ನೋಡಿ. ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಆಗಿರಬೇಕು, ಇಲ್ಲದಿದ್ದರೆ ತುಂಬಿಕೊಡುವುದಿಲ್ಲ.

ಕಾಸ್ಟಿಕ್ ನೀರನ್ನು ನಾವು ಚೆಲ್ಲುವುದಿಲ್ಲ, ಸೋಸಿ ಮತ್ತೆ ಮತ್ತೆ ಬಳಸುತ್ತೇವೆ. ತೀರಾ ಕೊಳೆಯಾದ ಮೇಲೆ ಬಳಸಿದ ಸಿಟ್ರಿಕ್ ಆಸಿಡ್ ಸೇರಿಸಿ, ಪರೀಕ್ಷೆಯ ಕಾಗದದಲ್ಲಿ ಪಿಎಚ್ 7ರ ಆಸುಪಾಸು (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಬಂದ ಮೇಲಷ್ಟೇ ಇಂಗುಗುಂಡಿಗೆ ಬಿಡುತ್ತೇವೆ. ತೋಟದ ಬುಡಕ್ಕೆ, ಹೊಳೆಗೆ ಹೋಗುವ ಚರಂಡಿಗೆ ಬಿಡುವುದೇ ಇಲ್ಲ. ಅಘನಾಶಿನಿಯ ಚಿಪ್ಪಿಕಲ್ಲು ನಂಬಿ ಬದುಕುವ ಮನೆಗಳು ನಮ್ಮ ಸುತ್ತ ಎಷ್ಟಿವೆ.

ಖರ್ಚು ಕೇಳುವವರಿಗೆ: ಟ್ಯಾಂಕ್ ಮತ್ತು ಸ್ಟ್ಯಾಂಡಿನ ಸ್ಟೀಲಿಗೆ 32 ಸಾವಿರ, ಪಂಪ್ 17, ಹೀಟರ್ ಮತ್ತು ಕರೆಂಟಿನ ಪೆಟ್ಟಿಗೆ 14, ಕಪ್ಲರ್, ಕ್ಲ್ಯಾಂಪ್, ವಾಲ್ವ್, ಪೈಪಿಗೆ 24, ಕೂಲಿ 18, ಹೆಚ್ಚುವರಿ ಸೀಲ್‌ಗಳಿಗೆ 4. ಒಟ್ಟು 1 ಲಕ್ಷ 9 ಸಾವಿರ. ಕರೆಂಟಿನ ಪೆಟ್ಟಿಗೆಯಲ್ಲಿ ಲೀಕೇಜ್ ಹಿಡಿದು ಟ್ರಿಪ್ ಆಗುವ ಬ್ರೇಕರ್ ಇರಲೇಬೇಕು. ಒದ್ದೆ ನೆಲ, ಸ್ಟೀಲ್ ಟ್ಯಾಂಕ್, ಹೀಟರ್ ಇರುವ ಕಡೆ ಅದರಲ್ಲಿ ಉಳಿಸಲು ಹೋಗಬೇಡಿ. ಕೆಗ್ ಎತ್ತಿ ಕೂರಿಸುವುದರಿಂದ ಹಿಡಿದು ಮುಚ್ಚುವವರೆಗೆ ಎರಡು ಕೆಗ್‌ಗೆ ಇಪ್ಪತ್ತು ನಿಮಿಷ ಬೇಕು. ದೊಡ್ಡ ಯಂತ್ರದಷ್ಟು ವೇಗ ಅಲ್ಲ. ವಾರಕ್ಕೆ ಒಂದು ಬೆಳಿಗ್ಗೆ ಸಾಕಾಗುತ್ತದೆ.

ಬಿಯರ್ ಮಾಡುವವರು ಇದೇ ಯಂತ್ರ ಮಾಡಿಸುವುದಿದ್ದರೆ ಎರಡು ಬದಲಾವಣೆ ಮಾಡಿಕೊಳ್ಳಿ. ಬಿಯರಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಬಿಳಿ ಪದರವಾಗಿ ಗೋಡೆಗೆ ಕಟ್ಟುತ್ತದೆ. ಅದು ಕಾಸ್ಟಿಕ್‌ಗೆ ಹೋಗುವುದಿಲ್ಲ, ಆಗಾಗ ಆಸಿಡ್ ಬೇಕೇ ಬೇಕು. ಆದ್ದರಿಂದ ಆಸಿಡ್‌ಗೆ ಪ್ರತ್ಯೇಕವಾಗಿ ಮೂರನೇ ಟ್ಯಾಂಕ್ ಹಾಕಿಸಿ. ನಾವು ತಿಂಗಳಿಗೊಮ್ಮೆ ಇರುವ ಟ್ಯಾಂಕನ್ನೇ ಖಾಲಿ ಮಾಡಿ ಸಿಟ್ರಿಕ್ ಹಾಕಿಕೊಳ್ಳುತ್ತೇವೆ, ನಿಮಗೆ ಅದು ಸಾಲದು. 50 ಲೀಟರಿನ ಕೆಗ್ ಇದ್ದರೆ ಪಂಪ್ ಒಂದು ಸೈಜು ದೊಡ್ಡದಿರಲಿ, ಇಲ್ಲವಾದರೆ ದ್ರಾವಣ ಮೇಲಿನ ತಳಕ್ಕೆ ಸರಿಯಾಗಿ ಚಿಮ್ಮುವುದಿಲ್ಲ. ಸೀಲ್‌ಗಳನ್ನು ಮೇ ತಿಂಗಳೊಳಗೆ ತರಿಸಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಕೊರಿಯರ್ ನಮ್ಮ ಕಡೆಗೆ ಯಾವಾಗ ಬರುತ್ತದೆ ಅಂತ ಹೇಳುವುದು ಕಷ್ಟ.